ಲ್ಯಾಟೆಕ್ಸ್ ಹಾಸಿಗೆ ಕೊಳ್ಳುವ ಮುಂಚೆ ಬೇರೆ ಬೇರೆ ಅಂಗಡಿಗಳ ಬೆಲೆ, ಗುಣಮಟ್ಟ ಹೋಲಿಸುವುದು ಹೇಗೆ?

ಬೆಲೆಗಿಂತ ಮೊದಲು ಒಳಗೆ ಏನಿದೆ ಅಂತ ಕೇಳಿ. 'ಲ್ಯಾಟೆಕ್ಸ್ ಹಾಸಿಗೆ' ಅಂತ ಮಾರುವ ಎಷ್ಟೋ ಹಾಸಿಗೆಗಳಲ್ಲಿ ಮೇಲಿನ ಒಂದೆರಡು ಇಂಚು ಮಾತ್ರ ಲ್ಯಾಟೆಕ್ಸ್, ಕೆಳಗೆಲ್ಲ ಮಾಮೂಲಿ ಫೋಮ್. ಪೂರ್ತಿ ಲ್ಯಾಟೆಕ್ಸ್ ಇರುವುದರ ಪಕ್ಕದಲ್ಲಿಟ್ಟರೆ ಅದು ಅಗ್ಗವಾಗಿ ಕಾಣುತ್ತದೆ, ಅಲ್ವಾ? ರಬ್ಬರ್ ಮರದ ಹಾಲಿನದ್ದೋ, ಸಿಂಥೆಟಿಕ್ ಬೆರೆಸಿದ್ದೋ ಅನ್ನುವುದನ್ನೂ ಬಿಲ್‌ನಲ್ಲಿ ಬರೆಸಿಕೊಳ್ಳಿ.

ನಾನು ಜಾಸ್ತಿ ನಂಬುವುದು ತೂಕವನ್ನು. 78ಕ್ಕೆ 60 ಇಂಚಿನ, 6 ಇಂಚು ದಪ್ಪದ ಹಾಸಿಗೆಗೆ ಸಾಂದ್ರತೆ ಘನ ಮೀಟರಿಗೆ 80 ಕೆಜಿ ಅಂತ ಹೇಳಿದರೆ, ಅದು ಸುಮಾರು 37 ಕೆಜಿ ತೂಗಬೇಕು. 20 ಕೆಜಿ ಇದ್ದರೆ ಆ ಮಾತು ಸುಳ್ಳು.

ಜಿಎಸ್‌ಟಿ, ಸಾಗಣೆ ಸೇರಿಸಿಯೇ ಬೆಲೆ ಹೋಲಿಸಿ. ವಾರಂಟಿಯಲ್ಲಿ ಎಷ್ಟು ಇಂಚು ಕುಸಿದರೆ ಬದಲಿಸಿ ಕೊಡುತ್ತಾರೆ ಅಂತ ಓದಿ. ವಾಪಸ್ ಕೊಟ್ಟರೆ ಸಾಗಣೆ ಖರ್ಚು ಯಾರದ್ದು ಅಂತಲೂ ಮೊದಲೇ ಕೇಳಿಬಿಡಿ.