ತಿರುಪು ಬಿಡಿ, ಚುಕ್ಕಿ ಇಡಿ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಪ್ಯಾಕ್ ಮಾಡುವ ಸಣ್ಣ ಘಟಕ. 200 ಗ್ರಾಂ ಪ್ಯಾಕೆಟ್ ಒಮ್ಮೆ 195, ಒಮ್ಮೆ 206 ಬರುತ್ತದೆ. ಪ್ರತಿ ಸಲ ಮಷಿನ್ ತಿರುಪು ತಿರುಗಿಸುತ್ತೇವೆ. ಗುಣಮಟ್ಟದ ಸಲಹೆಗಾರರನ್ನು ಕರೆಸಬೇಕಾ?

ಉತ್ತರ: ಮೊದಲು ಆ ತಿರುಪಿನಿಂದ ಕೈ ತೆಗೆಯಿರಿ! ಸಣ್ಣ ಏರುಪೇರು ಯಾವ ಮಷಿನ್‌ನಲ್ಲೂ ಇರುತ್ತದೆ, ಅದಕ್ಕೆಲ್ಲ ಸುಮ್ನೆ ತಿರುಗಿಸುತ್ತಾ ಹೋದರೆ ಇನ್ನೂ ಜಾಸ್ತಿಯಾಗುತ್ತದೆ. ಮಾಮೂಲಿ ಏರುಪೇರು ಯಾವುದು, ನಿಜವಾದ ತೊಂದರೆ ಯಾವುದು ಅಂತ ಗುರುತಿಸಲೆಂದೇ ಅಮೆರಿಕದ ಎಂಜಿನಿಯರ್ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಂಟ್ರೋಲ್ ಚಾರ್ಟ್ ಅನ್ನೋ ನಕ್ಷೆ ರೂಪಿಸಿದ್ದು. ಗಂಟೆಗೊಮ್ಮೆ 5 ಪ್ಯಾಕೆಟ್ ತೂಗಿ, ಅವುಗಳ ಸರಾಸರಿಯನ್ನು ನಕ್ಷೆಯಲ್ಲಿ ಒಂದು ಚುಕ್ಕಿಯಾಗಿ ಇಡಿ. 25 ಚುಕ್ಕಿ ಆದಮೇಲೆ ನಿಮ್ಮದೇ ಅಂಕಿಗಳಿಂದ ಮೇಲೊಂದು, ಕೆಳಗೊಂದು ಗೆರೆ. ಚುಕ್ಕಿ ಗೆರೆ ದಾಟಿದರೆ ಕಾರಣ ಹುಡುಕಿ. ಗೆರೆ ಲೆಕ್ಕ ಹಾಕೋದನ್ನು ನಿಮ್ಮ ಹುಡುಗರಿಗೆ ಕಲಿಸಿ ಹೋಗುವ ಸಲಹೆಗಾರರಿಗೆ ದುಡ್ಡು ಕೊಡಿ. ಬರೀ ಫೈಲು ಕೊಡುವವರಿಗೆ ಚಹಾ, ಮಿರ್ಚಿ ಸಾಕು, ಅಲ್ವಾ?