ಟೈಸನ್ ದೊಡ್ಡವನಾ, ಅಲಿಯಾ?

ಅಣ್ಣಾ, ಕಲಬುರಗಿಯ ನಿಮ್ಮ ಜಿಮ್‌ನಲ್ಲಿ ಎಲ್ಲರೂ ಬಾಕ್ಸಿಂಗ್‌ನಲ್ಲಿ ಮೈಕ್ ಟೈಸನ್ನೇ ದೊಡ್ಡವನು ಅಂತಾರೆ, ಮುಹಮ್ಮದ್ ಅಲಿ ಬರೀ ಮಾತುಗಾರನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ.

ಟೈಸನ್ 1986ರಲ್ಲಿ 20ನೇ ವಯಸ್ಸಿಗೇ ಚಾಂಪಿಯನ್ ಆದ. ಆ ವೇಗ, ಆ ಏಟು ನಿಜ. ಆದರೆ ಯಾರನ್ನು ಸೋಲಿಸಿದ ಅನ್ನೋದೂ ಮುಖ್ಯ ಅಲ್ವಾ? ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದಿದ್ದಕ್ಕೆ ಅಲಿ 1967ರಿಂದ ಮೂರು ವರ್ಷಕ್ಕೂ ಜಾಸ್ತಿ ರಿಂಗ್ ಕಳೆದುಕೊಂಡ. ವಾಪಸ್ ಬಂದು ಆ ಕಾಲದ ಚಾಂಪಿಯನ್‌ಗಳಾದ ಜೋ ಫ್ರೇಜಿಯರ್, ಜಾರ್ಜ್ ಫೋರ್‌ಮನ್ ಇಬ್ಬರನ್ನೂ ಸೋಲಿಸಿದ.

1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಫೋರ್‌ಮನ್ ಜೊತೆ ನಡೆದ ಪಂದ್ಯ ಪೂರ್ತಿ ನೋಡಿ. ಅಲಿ ಹಗ್ಗಕ್ಕೆ ಬೆನ್ನು ಕೊಟ್ಟು, ಮುಖಕ್ಕೆ ಕೈ ಅಡ್ಡ ಹಿಡಿದು, ಏಟುಗಳನ್ನು ತೋಳು, ಪಕ್ಕೆ ಮೇಲೆ ತಗೊಂಡ. ಫೋರ್‌ಮನ್ ಸುಸ್ತಾದ. 8ನೇ ಸುತ್ತಿನಲ್ಲಿ ಎಡಗೈ, ಹಿಂದೆಯೇ ಬಲಗೈ. ಫೋರ್‌ಮನ್ ಬುಗುರಿ ಹಾಗೆ ತಿರುಗಿ ಬಿದ್ದ!

ಚಾಂಪಿಯನ್ ಪಟ್ಟವನ್ನು 25 ಸಲ ಉಳಿಸಿಕೊಂಡ ಹಳೇ ಕಾಲದ ಬಾಕ್ಸರ್ ಜೋ ಲೂಯಿಸ್ ನನಗೆ ಎರಡನೆಯವನು. ಟೈಸನ್ ಆಮೇಲೆ.