ಡ್ರ್ಯಾಗ್ ಕಾರು ಹಾವೇರಿಗೆ ಹೋಗಿ ಬಂದೀತೇ?

ಪ್ರಶ್ನೆ: ಗೆಳೆಯ ಕಾಲು ಮೈಲಿ ಡ್ರ್ಯಾಗ್‌ಗಂತ (ನಿಂತಲ್ಲಿಂದ ನೇರ ಓಡೋ ವೇಗದ ಪಂದ್ಯ) ಕಾರು ಕಟ್ಟ್ಯಾನ. ನಂಬರ್ ಪ್ಲೇಟ್ ಐತಿ, ಇನ್ಶೂರೆನ್ಸ್ ಐತಿ. ಆದ್ರೂ ಗ್ಯಾರೇಜಿನವರು ‘ಇದು ರೋಡ್ ಗಾಡಿ ಅಲ್ಲ ಬಿಡ್ರಿ’ ಅಂತಾರ. ಯಾರ ಮಾತು ಖರೆ? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಗ್ಯಾರೇಜಿನವರದೇ ಇರಬಹುದು. ಅಮೆರಿಕದಲ್ಲಿ 2005ರಲ್ಲಿ ಶುರುವಾದ ‘ಡ್ರ್ಯಾಗ್ ವೀಕ್’ ಇದನ್ನು ಚೆನ್ನಾಗಿ ಪರೀಕ್ಷಿಸುತ್ತದೆ. ಒಂದು ಟ್ರ್ಯಾಕಿನಲ್ಲಿ ಓಡಿದ ಕಾರು ಮುಂದಿನ ಟ್ರ್ಯಾಕಿಗೆ ತನ್ನ ಚಕ್ರದ ಮೇಲೇ ಹೋಗಬೇಕು. ಐದು ದಿನಕ್ಕೆ ಸುಮಾರು 1,600 ಕಿ.ಮೀ. ಬಿಡಿಭಾಗಗಳೂ ಆ ಕಾರಿನಲ್ಲಿ, ಇಲ್ಲವೇ ಅದೇ ಎಳೆಯುವ ಟ್ರೈಲರಿನಲ್ಲಿ ಇರಬೇಕು.

ನಮ್ಮಲ್ಲಿ ಅಷ್ಟು ಬೇಡ. ಏಪ್ರಿಲ್ ಮಧ್ಯಾಹ್ನ ಚೆನ್ನಮ್ಮ ಸರ್ಕಲ್ಲಿನ ದಟ್ಟಣೆಯಲ್ಲಿ ಇಪ್ಪತ್ತು ನಿಮಿಷ ತೆವಳಿ, ಆಮೇಲೆ ಹಾವೇರಿಗೆ ಹೋಗಿ ಬರಲಿ. ಕೈಕೊಡುವುದು ಮೊದಲು ಕೂಲಿಂಗ್. ಸಿಲಿಂಡರ್ ಗೋಡೆ ಬಾಗದಿರಲೆಂದು ಕೆಲವರು ಎಂಜಿನ್ ಬ್ಲಾಕಿನಲ್ಲಿ ತಂಪು ನೀರು ಹರಿಯುವ ಜಾಗಕ್ಕೆ ಸಿಮೆಂಟಿನಂಥ ಗ್ರೌಟ್ ತುಂಬುತ್ತಾರೆ. ಪೂರ್ತಿ ತುಂಬಿದರೆ 402 ಮೀಟರ್ (ಕಾಲು ಮೈಲಿ) ಓಟಕ್ಕೆ ಸರಿ, ರಸ್ತೆಗೆ ಅಲ್ಲ. ಅರ್ಧ ತುಂಬಿದ್ದರೆ ಓಡಿಸಬಹುದು, ಆದರೆ ಆಯಿಲ್ ಬಿಸಿ ಏರುವುದರಿಂದ ಆಯಿಲ್ ಕೂಲರ್ ಬೇಕೇ ಬೇಕು. ತೂಕ ಉಳಿಸಲು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿದ್ದರೆ ರೇಡಿಯೇಟರ್ ಫ್ಯಾನ್, ಫ್ಯೂಯೆಲ್ ಪಂಪ್ ಎರಡೂ ಬ್ಯಾಟರಿಯನ್ನು ಬರಿದು ಮಾಡುತ್ತವೆ. ಹೆಡ್‌ಲೈಟ್ ಮಾತು ಆಮೇಲೆ.

ಇನ್ನು ಗೇರ್. 60 ಸೆಂ.ಮೀ. ವ್ಯಾಸದ ಟೈರ್, 4.10 ಫೈನಲ್ ಡ್ರೈವ್ (ಚಕ್ರಕ್ಕೆ ಮುಂಚಿನ ಕೊನೆಯ ಗೇರ್ ಅನುಪಾತ), ಟಾಪ್ ಗೇರ್ 1:1 ಇದ್ದರೆ 100 ಕಿ.ಮೀ. ವೇಗಕ್ಕೆ ಎಂಜಿನ್ ಸುಮಾರು 3,600 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ತಿರುಗುತ್ತದೆ. ಎಂಜಿನ್ ನಿಧಾನ ತಿರುಗಿಸುವ 0.75ರ ಓವರ್‌ಡ್ರೈವ್ ಗೇರ್ ಇದ್ದರೆ 2,700. ಈ ಒಂದು ಗೇರಿಗೆ ಖರ್ಚು ಮಾಡುವುದು ಇನ್ನೊಂದು ದೊಡ್ಡ ಟರ್ಬೋಗಿಂತ ಬುದ್ಧಿವಂತಿಕೆ. ಹಿಂದೆ ಡಿಫರೆನ್ಷಿಯಲ್ ಬದಲು ಸ್ಪೂಲ್ ಹಾಕಿದ್ದರೆ ಎರಡೂ ಹಿಂಬದಿ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ. ಪ್ರತಿ ತಿರುವಿನಲ್ಲೂ ಟೈರ್ ಉಜ್ಜುತ್ತದೆ, ಆಕ್ಸಲ್ ಮೇಲೆ ಹೊರೆ ಬೀಳುತ್ತದೆ.

ಬಂಕಿನ ಪೆಟ್ರೋಲಿಗೆ ಟ್ಯೂನ್ ಇದೆಯೇ ಎಂದೂ ಕೇಳಿ. ರೇಸ್ ಇಂಧನಕ್ಕೆ ಹೊಂದಿಸಿದ ಕಿಡಿಯ ಟೈಮಿಂಗ್ ಇಟ್ಟು ಬಂಕಿನದು ಸುರಿದರೆ ನಾಕಿಂಗ್ (ಇಂಧನ ತಾನಾಗಿ ಸ್ಫೋಟಿಸುವುದು) ಹತ್ತಿ ಪಿಸ್ಟನ್ ಒಡೆಯಬಹುದು.

ಪ್ರಶ್ನೆ: ಡ್ರ್ಯಾಗ್ ರೇಡಿಯಲ್ ಟೈರಿಗೆ (ಪಂದ್ಯದ ಹಿಡಿತಕ್ಕಂತ ಮಾಡಿದ್ದು) ಗಾಳಿ 18 ಪಿಎಸ್‌ಐ ಇಟ್ಟಿದ್ದು, ಹಂಗ ಊರಿಗೆ ಬರಬಹುದೇನ್ರಿ? (ಗದಗ)

ಉತ್ತರ: ಬ್ಯಾಡ್ರಿ. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕದ ಗೋಡೆ (ಸೈಡ್‌ವಾಲ್) ಸತತ ಬಾಗಿ ಬಿಸಿಯಾಗುತ್ತದೆ, ಒಳಗಿನ ಪದರ ಬಿಡುತ್ತದೆ. ಡಿಕ್ಕಿಯಲ್ಲಿ 12 ವೋಲ್ಟಿನ ಕಂಪ್ರೆಸರ್ ಇಟ್ಟುಕೊಂಡು, ಟ್ರ್ಯಾಕಿನಿಂದ ಹೊರಡುವ ಮೊದಲೇ ಕಂಪನಿ ಹೇಳಿದ ರಸ್ತೆ ಒತ್ತಡಕ್ಕೆ ತುಂಬಿ. ಈ ಟೈರುಗಳಲ್ಲಿ ಕಾಲುವೆಯಂಥ ಗೀರು ಕಡಿಮೆ, ಮಳೆ ನೀರು ಹೊರಹೋಗಲು ದಾರಿ ಸಾಲದು. ಮಳೆಗಾಲಕ್ಕೆ ಮಾಮೂಲಿ ಟೈರಿನ ಇನ್ನೊಂದು ಜೋಡಿ ಇರಲಿ. ಗೀರೇ ಇಲ್ಲದ ಪೂರ್ತಿ ಸ್ಲಿಕ್ ಅಂತೂ ರಸ್ತೆಗೆ ಸಲ್ಲದು: ಕಾರಿಗೆ ಕನಿಷ್ಠ 1.6 ಮಿ.ಮೀ. ಟ್ರೆಡ್ (ಗೀರಿನ ಆಳ) ಬೇಕೆಂಬ ನಿಯಮವಿದೆ.

ಪ್ರಶ್ನೆ: ಬೇರೆ ಎಂಜಿನ್ ಕೂಡಿಸಿ ಆಮೇಲೆ ಆರ್‌ಟಿಒಗೆ ಹೇಳಿದರೆ ನಡೆಯುತ್ತದೆಯೇ? (ಹಾವೇರಿ)

ಉತ್ತರ: ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಅನುಮತಿ ಮೊದಲು, ಸ್ಪ್ಯಾನರ್ ಆಮೇಲೆ. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಏರದಿದ್ದರೆ ವಿಮೆ ಕ್ಲೇಮು ತಿರಸ್ಕಾರವಾಗಬಹುದು. ಎಲ್ಲ ಸರಿಯಿದ್ದರೂ ಬೈಪಾಸ್ ಮೇಲೆ ಪಂದ್ಯ ಕಟ್ಟಬೇಡಿ: 189ನೇ ಕಲಮಿನಡಿ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ₹5,000ವರೆಗೆ ದಂಡ, ಇಲ್ಲವೇ ಎರಡೂ.